ಹಂಗಾಮಿ ಕಲ್ಲಣ್ಣನೂ ವಾಚನಾಲಯದ ಸುರಕ್ಷಿತ ಸಂಪರ್ಕವೂ

ಸೊಲ್ಲಾಪುರ ಜಿಲ್ಲೆಯ ಗಡಿಯೂರಾದ ಮೈಂದರ್ಗಿಯ ಸಾರ್ವಜನಿಕ ಕನ್ನಡ ವಾಚನಾಲಯದ ಜಾಲತಾಣವು ೧೯೯೯ನೆಯ ಇಸವಿ ಜೂನ್ ಹದಿಮೂರನೆಯ ತಾರೀಖು, ರವಿವಾರ, ಬೆಳಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ವಿಧ್ಯುಕ್ತವಾಗಿ ಉದ್ಘಾಟನೆಗೊಂಡಿತು. ಉದ್ಘಾಟನೆ ಮೈಂದರ್ಗಿಯಲ್ಲಿ ನಡೆಯಲಿಲ್ಲ, ಏಕೆಂದರೆ ಮೈಂದರ್ಗಿಯಲ್ಲಿ ಅದು ಕಾಣುತ್ತಿರಲಿಲ್ಲ. ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಕಾರಖಾನೆಯೊಂದರ ಮಾಲೀಕರು ತಮ್ಮ ತಂದೆಯವರ ಸ್ಮರಣಾರ್ಥ ಕೊಟ್ಟ ಹಳೆಯ ಕಂಪ್ಯೂಟರ್ ವಾಚನಾಲಯದಲ್ಲಿತ್ತು, ಆದರೆ ಟೆಲಿಫೋನ್ ಇರಲಿಲ್ಲ. ಆದ್ದರಿಂದ ಕಾರ್ಯಕಾರಿ ಸಮಿತಿಯ ಏಳೂ ಮಂದಿ ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿ ಸೊಲ್ಲಾಪುರಕ್ಕೆ ಹೋಗಿ, ಅಧ್ಯಕ್ಷರ ಅಣ್ಣನ ಮಗಳು ಪ್ರಾಜಕ್ತಾ ಕಲಿಯುತ್ತಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ ಪರದೆಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಜಾಲತಾಣ ನೋಡಿ ಮರಳಿದೆವು. ಆಮೇಲೆ ಅದನ್ನು ಯಾರಾದರೂ ನೋಡಿದ ದಾಖಲೆ ಇಲ್ಲ. ಸೇವೆ ಹೀಗೆ ಸುಗಮವಾಗಿ ನಡೆದಿತ್ತು.

ನಾನು ಈ ವಾಚನಾಲಯದ ಸಹ ಕಾರ್ಯದರ್ಶಿ. ಕಾರ್ಯದರ್ಶಿಗಳು ೧೯೯೧ರಲ್ಲಿ ತೀರಿಕೊಂಡರು. ಅವರ ರಾಜೀನಾಮೆ ಇನ್ನೂ ಕೈಸೇರಿಲ್ಲವಾದ್ದರಿಂದ ನಾನು ಸಹ ಆಗಿಯೇ ಇದ್ದೇನೆ. ಈ ಬಗ್ಗೆ ನನಗೆ ದೂರಿಲ್ಲ.

ಜಾಲತಾಣದಲ್ಲಿ ಮೂರು ಸಂಗತಿಗಳಿದ್ದವು: ವಾಚನಾಲಯ ತೆರೆದಿರುವ ವೇಳೆ, ಸಾವಿರದ ನೂರಾ ನಲವತ್ಮೂರು ಪುಸ್ತಕಗಳ ಯಾದಿ, ಮತ್ತು ಅಧ್ಯಕ್ಷರಾದ ಅಣ್ಣಾರಾಯರ ನಾಲ್ಕು ಭಾವಚಿತ್ರಗಳು. ಚೌಕಟ್ಟು ಕಟ್ಟಿದವಳು ಪ್ರಾಜಕ್ತಾ. ಪ್ರತಿ ರವಿವಾರ ಸೊಲ್ಲಾಪುರಕ್ಕೆ ಹೋಗಿ, ಎರಡು ಬೆರಳಿನಿಂದ ಕುಟ್ಟಿ ಕುಟ್ಟಿ, ಮೂರು ತಿಂಗಳಲ್ಲಿ ಆ ಯಾದಿ ಮುಗಿಸಿದವನು ನಮ್ಮ ಲಿಪಿಕ ಕಲ್ಲಣ್ಣ.

ಕಲ್ಲಣ್ಣನ ವಿಷಯ ಇಲ್ಲಿಯೇ ಹೇಳಿಬಿಡಬೇಕು. ಅವನು ೧೯೮೦ರಿಂದ ವಾಚನಾಲಯದ ಹಂಗಾಮಿ ಲಿಪಿಕ. ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಪದಾಧಿಕಾರಿಗಳೆಲ್ಲರ ಹೆಸರು ಬಿಳಿ ಎಣ್ಣೆಬಣ್ಣದಲ್ಲಿದೆ, ತೀರಿಕೊಂಡ ಕಾರ್ಯದರ್ಶಿಗಳದ್ದೂ ಇದೆ. ಕಲ್ಲಣ್ಣನ ಹೆಸರು ಮಾತ್ರ ಖಡುವಿನಲ್ಲಿ, ಅಂದರೆ ಸೀಮೆಸುಣ್ಣದಲ್ಲಿದೆ. ನಿಯಮ ಹಾಗಿದೆ: ಕಾಯಂ ಇದ್ದವರಿಗೆ ಬಣ್ಣ, ಹಂಗಾಮಿಯವರಿಗೆ ಖಡು. ಮಳೆ ಬಂದರೆ ಅವನ ಹೆಸರು ಹೋಗುತ್ತದೆ, ಮಳೆ ನಿಂತ ಮೇಲೆ ಅವನೇ ಬರೆಯುತ್ತಾನೆ. ಹತ್ತೊಂಬತ್ತು ಮಳೆಗಾಲ ಹೀಗೆ ನಡೆದಿದೆ. ನನಗೆ ಅವನನ್ನು ನೋಡಿದರೆ ಕೆಡುಕೆನಿಸುತ್ತಿತ್ತು, ಆದರೆ ಕೆಡುಕೆನಿಸುವುದನ್ನು ನಡಾವಳಿಯಲ್ಲಿ ಬರೆಯಲು ನಿಯಮಾವಳಿಯಲ್ಲಿ ಕಲಮು ಇಲ್ಲ.

ಆಗಸ್ಟಿನಲ್ಲಿ ಸೊಲ್ಲಾಪುರದ ಸಾರ್ವಜನಿಕ ಸಂಸ್ಥೆಗಳ ತಪಾಸಣಾ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಮರಾಠಿಯಲ್ಲಿದ್ದ ಅದರ ಕನ್ನಡ ತಾತ್ಪರ್ಯ ಹೀಗಿದೆ:

“ಜಾಲತಾಣ ಹೊಂದಿರುವ ಸಮಸ್ತ ಸಾರ್ವಜನಿಕ ಸಂಸ್ಥೆಗಳಿಗೆ ತಿಳಿಸುವುದೇನೆಂದರೆ, ತಮ್ಮ ಜಾಲತಾಣಕ್ಕೆ ಸಂಕೇತಲಿಪಿಯ ಸುರಕ್ಷಿತ ಸಂಪರ್ಕ ಅಗತ್ಯವಿದೆಯೇ ಇಲ್ಲವೇ ಎಂಬುದನ್ನು ಕೂಡಲೇ ತಿಳಿಸತಕ್ಕದ್ದು. ಅಗತ್ಯವಿದ್ದಲ್ಲಿ, ಗುಟ್ಟಿನ ಮಾದರಿಯೊಂದನ್ನು ಲಗತ್ತಿಸತಕ್ಕದ್ದು, ಅಂಥ ಸಂಸ್ಥೆಗೆ ಒಬ್ಬ ಕಾಯಂ ಗೌಪ್ಯ ಲಿಪಿಕನನ್ನು ಮಂಜೂರು ಮಾಡಲಾಗುವುದು. ಅಗತ್ಯವಿಲ್ಲದಿದ್ದಲ್ಲಿ, ಎಲ್ಲವೂ ಜಾಲತಾಣದಲ್ಲಿಯೇ ಬಹಿರಂಗವಾಗಿರುವ ಕಾರಣ, ಹಾಲಿ ಇರುವ ಹಂಗಾಮಿ ಲಿಪಿಕನನ್ನು ದಸರೆಯ ಒಳಗೆ ಬಿಡುಗಡೆಗೊಳಿಸತಕ್ಕದ್ದು.”

ಕಲ್ಲಣ್ಣನೇ ಇದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದ. ಕೊನೆಯ ವಾಕ್ಯಕ್ಕೆ ಬಂದಾಗ ನಿಲ್ಲಿಸಿದ. ನೀರು ಕುಡಿದು ಮತ್ತೆ ಮೊದಲಿನಿಂದ ಓದಿದ, ಏಕೆಂದರೆ ಸುತ್ತೋಲೆಯನ್ನು ಅರ್ಧಕ್ಕೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ.

“ನಮ್ಮಲ್ಲಿ ಸಂಪರ್ಕಾನ ಇಲ್ಲಲ್ರಿ, ಸುರಕ್ಷಿತ ಎಲ್ಲಿಂದ ತರೂಣು?” ಎಂದು ಒಬ್ಬ ಸದಸ್ಯರು ಕೇಳಿದರು. ಸಂಪರ್ಕ ಇದೆಯೇ ಎಂದು ಕಚೇರಿ ಕೇಳಿಲ್ಲ, ಅದು ಸುರಕ್ಷಿತವಾಗಿರಬೇಕೇ ಎಂದಷ್ಟೇ ಕೇಳಿದೆ ಎಂದು ನಾನು ಗಮನಕ್ಕೆ ತಂದೆ. ಅವರು ಮಾತು ಹಿಂತೆಗೆದುಕೊಂಡರು.

ಪ್ರಾಜಕ್ತಾಳನ್ನು ತಜ್ಞೆ ಎಂದು ಕರೆಸಲಾಗಿತ್ತು. ಅವಳು ಎದ್ದು ನಿಂತು ಹೇಳಿದಳು: “ಕಾಕಾ, ಯಾರು ಯಾವ ಪುಸ್ತಕ ಓದ್ತಾರ ಅನ್ನೂದು ಅವರವರ ಖಾಸಗಿ ಮಾತ. ನಾಳಿ ಮಂದಿ ಜಾಲತಾಣದಾಗ ಹೆಸರು ಹಾಕಿ ಪುಸ್ತಕ ಬೇಡಿದ್ರು ಅಂದ್ರ, ಅದನ್ನ ನಡು ದಾರ್ಯಾಗ ಯಾರೂ ಓದಬಾರದು, ತಿದ್ದಬಾರದು. ಅದಕ್ಕ ಬೇಕ್ರಿ ಸುರಕ್ಷಿತ ಸಂಪರ್ಕ. ದೊಡ್ಡ ಗುಟ್ಟು ಏನೂ ಇರಬೇಕಂತಿಲ್ಲ.”

ಅಷ್ಟರಲ್ಲಿ ಸಂಜೆ ಆರೂವರೆಯಾಯಿತು. ಪುಸ್ತಕ ಮರಳಿಸದವರ ಹೆಸರನ್ನು ಆ ವೇಳೆಗೆ ಧ್ವನಿವರ್ಧಕದಲ್ಲಿ ಸಾರುವುದು ನಮ್ಮ ವಾಚನಾಲಯದ ಹಳೆಯ ಪದ್ಧತಿ. ಕಲ್ಲಣ್ಣ ಎದ್ದು ಹೋಗಿ ಮೈಕು ಹಿಡಿದ. “ಪೇಟೆ ಗಲ್ಲಿ ಸಾತಲಿಂಗಪ್ಪ, ಹೆಂಡತಿಯ ಮನಸ್ಸು ಒಲಿಸಿಕೊಳ್ಳುವ ಬಗೆ ಕುರಿತ ಪುಸ್ತಕ, ಏಳನೆಯ ವಾರ” ಎಂಬುದು ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿತು. ಆ ಗದ್ದಲದಲ್ಲಿ ಪ್ರಾಜಕ್ತಾಳ ಉಳಿದ ಮಾತು ಯಾರಿಗೂ ಕೇಳಿಸಲಿಲ್ಲ.

ಧ್ವನಿವರ್ಧಕ ನಿಂತ ಮೇಲೆ ಅಣ್ಣಾರಾಯರು, “ನೀ ಹೇಳೂದು ಬರೋಬರಿ ಐತಿ ಮಗಾ. ಖರೆ ಗುಟ್ಟು ಏನರ ಬೇಕಲ್ಲ?” ಎಂದರು. ಹೀಗೆ ಗುಟ್ಟು ಸಂಗ್ರಹ ಉಪಸಮಿತಿ ಅಸ್ತಿತ್ವಕ್ಕೆ ಬಂತು.

ಉಪಸಮಿತಿಯ ನಿಯಮಗಳನ್ನು ನಾನೇ ಬರೆದೆ. ಗುಟ್ಟು ಅರ್ಜಿದಾರರ ಸ್ವಂತದ್ದಾಗಿರಬೇಕು. ಪರರ ಗುಟ್ಟಾದಲ್ಲಿ ಅವರ ಒಪ್ಪಿಗೆಪತ್ರ ಬೇಕು. ಗುಟ್ಟು ಖರೆ ಎಂದು ಇಬ್ಬರು ಸಾಕ್ಷಿದಾರರು ಸಹಿ ಮಾಡಬೇಕು. ಬಳಿಕ ಅದನ್ನು ಏಳು ದಿನ ಸೂಚನಾಫಲಕದ ಮೇಲೆ ಹಚ್ಚಿ, ಯಾರಿಗಾದರೂ ಮೊದಲೇ ಗೊತ್ತಿದ್ದರೆ ಆಕ್ಷೇಪಣೆ ಸಲ್ಲಿಸಲು ಅವಕಾಶ ಕೊಡಬೇಕು. ಯಾರೂ ಆಕ್ಷೇಪಿಸದಿದ್ದರೆ ಅದು ಗುಟ್ಟು ಎಂದು ಸಿದ್ಧ. ಈ ನಿಯಮಗಳನ್ನು ಕಲ್ಲಣ್ಣ ಸತತ ಮೂರು ಸಂಜೆ ಧ್ವನಿವರ್ಧಕದಲ್ಲಿ ಓದಿದ.

ಜನ ಒಳ್ಳೆಯವರು. ಕಲ್ಲಣ್ಣನ ಮೇಲಿನ ಪ್ರೀತಿಗೆ ಸಾಲುಹಚ್ಚಿ ಬಂದರು.

ಮೊದಲ ಅರ್ಜಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಮಾರುವ ಗುರುಲಿಂಗಮ್ಮನದು. “ನನ್ನ ಹಿಂಡಿ ಗುಟ್ಟು ಬರಕೋರಿ” ಎಂದಳು. “ನಾ ಕುಟ್ಟೂದ ಇಲ್ಲ. ಸೊಲ್ಲಾಪುರದಿಂದ ತಂದು ಡಬ್ಬಿ ಬದಲ ಮಾಡ್ತೀನಿ.” ಉಪಸಮಿತಿ ಬೆಚ್ಚಿಬಿತ್ತು. ಆದರೆ ನಲವತ್ತೊಂದು ಆಕ್ಷೇಪಣೆಗಳು ಬಂದವು. ಚೀಲ ಇಳಿಸುವ ಹಮಾಲರದೇ ಒಂಬತ್ತು. ಗುರುಲಿಂಗಮ್ಮ ನೊಂದುಕೊಂಡಳು. “ಇಷ್ಟು ವರ್ಷ ಗೊತ್ತಿದ್ದೂ ‘ಕೈ ರುಚಿ ಭಾಳ ಛಲೋ ಐತಿ ಬಿಡವ್ವಾ’ ಅಂತಿದ್ರಲ್ಲ!” ಎಂದು ಸಮಿತಿಯನ್ನೇ ಬೈದು ಹೋದಳು.

ಸಾತಲಿಂಗಪ್ಪ ತನ್ನ ಏಳು ವಾರದ ಪುಸ್ತಕವನ್ನು ಓದಿಯೇ ಇಲ್ಲ, ಮಂಚದ ಕಾಲಿಗೆ ಕೊಟ್ಟಿದ್ದೇನೆ ಎಂಬ ಗುಟ್ಟು ಸಲ್ಲಿಸಿದ. ಅದಕ್ಕೆ ಅವನ ಹೆಂಡತಿಯ ಆಕ್ಷೇಪಣೆ ಬಂತು: ಮಂಚಕ್ಕಲ್ಲ, ಕಪಾಟಿಗೆ. ವಾಸ್ತವಾಂಶದಲ್ಲಿ ದೋಷವಿರುವುದರಿಂದ ಅರ್ಜಿ ತಿರಸ್ಕೃತವಾಯಿತು.

ಅಧ್ಯಕ್ಷರು ತಮ್ಮ ಗುಟ್ಟನ್ನು ಅರಗಿನ ಮುದ್ರೆಯೊತ್ತಿದ ಲಕೋಟೆಯಲ್ಲಿ ಕೊಟ್ಟರು. ಒಡೆದು ನೋಡಿದರೆ ಒಳಗೆ ಖಾಲಿ ಹಾಳೆ. ತಮಗೆ ಯಾವ ಗುಟ್ಟೂ ಇಲ್ಲವೆಂಬುದೇ ತಮ್ಮ ಗುಟ್ಟು ಎಂದು ಅವರು ವಿವರಿಸಿದರು. ಇದಕ್ಕೆ ಬಂದ ಆಕ್ಷೇಪಣೆಗಳು ಒಂದು ಚೀಲ ತುಂಬಿದ್ದರಿಂದ, ಅಧ್ಯಕ್ಷರ ಘನತೆಯ ದೃಷ್ಟಿಯಿಂದ ಅವನ್ನು ತೆರೆಯಲಿಲ್ಲ.

ಕೊನೆಗೆ ಕಲ್ಲಣ್ಣನೇ ಒಂದು ಅರ್ಜಿ ಬರೆದುಕೊಟ್ಟ. ಮಳೆ ಬಂದಾಗ ಮಾತ್ರವಲ್ಲ, ತಾನು ಪ್ರತಿದಿನ ಬೆಳಗ್ಗೆ ಬಾಗಿಲು ತೆಗೆಯುವ ಮೊದಲು ಹಲಗೆಯ ಮೇಲಿನ ತನ್ನ ಹೆಸರನ್ನು ಅಳಿಸಿ ಹೊಸದಾಗಿ ಬರೆಯುತ್ತೇನೆ, ದೂರದಿಂದ ನೋಡಿದವರಿಗೆ ಅದು ಬಣ್ಣದಂತೆ ಕಾಣಲಿ ಎಂದು. ಇಷ್ಟೇ ಅವನ ಗುಟ್ಟು. ಇದು ನಮಗೆ ನಿಜಕ್ಕೂ ಗೊತ್ತಿರಲಿಲ್ಲ. ಫಲಕದ ಮೇಲೆ ಆರು ದಿನ ಇತ್ತು, ಒಂದೂ ಆಕ್ಷೇಪಣೆ ಇಲ್ಲ. ಏಳನೆಯ ದಿನ ಕಲ್ಲಣ್ಣನ ಹೆಂಡತಿ ಹಣಮವ್ವ ಬಂದಳು.

“ನನಗ ಗೊತ್ತೈತಿ” ಎಂದಳು. “ಖಡು ಹತ್ತಿದ ಬೆರಳಲೇನ ರೊಟ್ಟಿ ಮುರೀತಾರ ದಿನಾ. ಹತ್ತೊಂಬತ್ತು ವರ್ಷ ಆತು, ನೋಡಾಕತ್ತೀನಿ.”

“ಹಣಮವ್ವಾ, ನೀ ಸುಮ್ಮ ಇದ್ದಿದ್ರ ನಿನ್ನ ಗಂಡಗ ಕಾಯಂ ಆಗ್ತಿತ್ತಲ್ಲ?” ಎಂದೆ.

“ಖರೆ ಬರೀರಿ ಅಂತ ನೀವ ಮೈಕಿನ್ಯಾಗ ಒದರ್ಸೀರಿ” ಎಂದಳು. ನಿಯಮ ನಿಯಮವೇ. ಅರ್ಜಿ ತಿರಸ್ಕರಿಸಿದೆವು. ಇಡೀ ಮೈಂದರ್ಗಿಯಲ್ಲಿ ಒಂದೂ ಗುಟ್ಟಿಲ್ಲವೆಂದು ಸಿದ್ಧವಾಯಿತು. “ಗುಟ್ಟು ಸದ್ಯ ಶಿಲ್ಕಿಲ್ಲ, ಬಂದ ಕೂಡಲೇ ಕಳಿಸಲಾಗುವುದು” ಎಂದು ಕಚೇರಿಗೆ ಪತ್ರ ಬರೆದೆವು.

ಸೆಪ್ಟೆಂಬರಿನ ಕೊನೆಗೆ ತಪಾಸಣಾಧಿಕಾರಿ ಧರ್ಮರಾಜ ಸಾಹೇಬರು ಖುದ್ದಾಗಿ ಬಂದರು. ಜಾಲತಾಣ ತೋರಿಸಿರಿ ಎಂದರು. ಅದು ಇಲ್ಲಿ ಕಾಣುವುದಿಲ್ಲವಾದ್ದರಿಂದ, ಸೊಲ್ಲಾಪುರದಿಂದ ಬಂದಿದ್ದ ಸಾಹೇಬರನ್ನು ಸೊಲ್ಲಾಪುರಕ್ಕೆ ಕರೆದುಕೊಂಡು ಹೋದೆವು. ಕ್ಲಾಸಿಗೆ ಅಂದು ಸೂಟಿ. ಹೀಗಾಗಿ ಬಸ್ ಸ್ಟ್ಯಾಂಡಿನ ಎದುರಿನ ಒಂದು ಸೈಬರ್ ಕೆಫೆಯಲ್ಲಿ ಸಾಹೇಬರು, ಅಧ್ಯಕ್ಷರು, ಪ್ರಾಜಕ್ತಾ, ಕಲ್ಲಣ್ಣ ಮತ್ತು ನಾನು ಒಂದೇ ಪರದೆಯ ಮುಂದೆ ಕುಳಿತೆವು.

ಹತ್ತು ನಿಮಿಷಕ್ಕೆ ಜಾಲತಾಣ ಮೇಲಿನಿಂದ ಕೆಳಗೆ ಇಳಿಯಿತು. ಮೊದಲು ಅಧ್ಯಕ್ಷರ ತಲೆ ಬಂತು, ಆಮೇಲೆ ಮೀಸೆ ಬಂತು. ಅದರ ಕೆಳಗೆ ಬಂದದ್ದು ಕನ್ನಡವಲ್ಲ. ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಟೊಪ್ಪಿಗೆ, ಹೆಗಲ ಮೇಲೆ ಚುಕ್ಕೆ, ನಡುನಡುವೆ ಪೌಂಡಿನ ಗುರುತು. ಸಾವಿರದ ನೂರಾ ನಲವತ್ಮೂರು ಪುಸ್ತಕಗಳೂ ಹೀಗೆಯೇ.

ಕಲ್ಲಣ್ಣ ಕುರ್ಚಿಯಿಂದ ಅರ್ಧ ಎದ್ದ. ಮೂರು ತಿಂಗಳ ರವಿವಾರಗಳು ಪರದೆಯ ಮೇಲೆ ಹಾಳಾಗಿ ಬಿದ್ದಂತೆ ಅವನಿಗೆ ಕಂಡಿರಬೇಕು.

ಸಾಹೇಬರು ಕನ್ನಡಕ ಏರಿಸಿದರು. “ಇದೇನ್ರಿ? ವಿದೇಶಿ ದೇಣಿಗಿ ತಗೋತೀರೇನು?”

“ಇಲ್ರಿ ಸಾಹೇಬ” ಎಂದಳು ಪ್ರಾಜಕ್ತಾ. “ಇಲ್ಲಿ ಕನ್ನಡ ಫಾಂಟ್ ಹಾಕಿಲ್ಲ. ನಮ್ಮ ಫ್ಲಾಪಿ ಇಲ್ಲದ ಕಂಪ್ಯೂಟರದಾಗ ಹಿಂಗ ಕಾಣ್ತೈತಿ.”

“ಅಂದ್ರ ನಿಮ್ಮ ಫ್ಲಾಪಿ ಇಲ್ಲದ ಯಾರಿಗೂ ಓದಾಕ ಬರೂದಿಲ್ಲ?”

“ಬರೂದಿಲ್ರಿ, ಆದರ—”

“ಫ್ಲಾಪಿ ಎಲ್ಲೈತಿ?”

ಕಲ್ಲಣ್ಣ ತನ್ನ ಬುತ್ತಿಯ ಚೀಲದಿಂದ, ಸೊಲ್ಲಾಪುರಿ ಟವೆಲಿನಲ್ಲಿ ಸುತ್ತಿದ್ದ ಫ್ಲಾಪಿಯನ್ನು ತೆಗೆದ. ಜಗತ್ತಿನಲ್ಲಿ ಅದೊಂದೇ ಇದೆಯೇ ಎಂದು ಸಾಹೇಬರು ಕೇಳಿದರು. ಕ್ಲಾಸಿನಲ್ಲಿ ಇನ್ನೊಂದಿತ್ತು, ಅದರ ಮೇಲೆ ಯಾರೋ ಚಹಾ ಚೆಲ್ಲಿದರು ಎಂದ ಕಲ್ಲಣ್ಣ. ಸಾಹೇಬರು ತಲೆದೂಗಿ, ಹಾಕಿ ತೋರಿಸು ಎಂದರು. ಪ್ರಾಜಕ್ತಾ ಫ್ಲಾಪಿ ಹಾಕಿ, ಅದೂ ಇದೂ ಒತ್ತಿ, ಕಂಪ್ಯೂಟರನ್ನು ಬಂದ್ ಮಾಡಿ ಚಾಲೂ ಮಾಡಿದಳು. ಮತ್ತೆ ತಲೆ ಬಂತು, ಮೀಸೆ ಬಂತು, ಅದರ ಕೆಳಗೆ ಗುಂಡುಗುಂಡಾಗಿ ಕನ್ನಡ ಬಂತು.

ಸಾಹೇಬರು ಅದನ್ನು ಬಹಳ ಹೊತ್ತು ದಿಟ್ಟಿಸಿದರು. ಆಮೇಲೆ ದನಿ ತಗ್ಗಿಸಿ, “ಅರೆ ವ್ಹಾ! ಇನ್ನೂ ಓದಾಕ ಬರವಲ್ದು” ಎಂದರು. “ಒಂದು ಕೀಲಿ ತಗದ್ರ ಒಳಗ ಇನ್ನೊಂದು ಕೀಲಿ!”

“ಸಾಹೇಬ, ಇದು ಬರೇ ಕನ್ನಡರಿ” ಎಂದಳು ಪ್ರಾಜಕ್ತಾ.

“ನಮ್ಮ ಮನ್ಯಾಗೂ ಕನ್ನಡಾನ ಮಾತಾಡ್ತೀವಿ, ಖರೆ ಕಲತ ಸಾಲಿ ಮರಾಠಿ. ನೀನರ ಓದು ನೋಡೂಣು?”

ಪ್ರಾಜಕ್ತಾ ಪರದೆಗೆ ಮುಖ ಹಚ್ಚಿ ಮೊದಲ ಪುಸ್ತಕದ ಹೆಸರಿನಲ್ಲಿ ಎರಡು ಅಕ್ಷರ ಕೂಡಿಸಿದಳು, ಮೂರನೆಯ ಒತ್ತಕ್ಷರಕ್ಕೆ ನಿಂತುಬಿಟ್ಟಳು. ಅವಳದೂ ಮರಾಠಿ ಸಾಲಿ. “ಅಧ್ಯಕ್ಷರ, ನೀವು?” ಎಂದರು ಸಾಹೇಬರು. ಅಣ್ಣಾರಾಯರು ಹದಿನೇಳು ವರ್ಷದಿಂದ ಕನ್ನಡ ವಾಚನಾಲಯದ ಅಧ್ಯಕ್ಷರಾಗಿದ್ದು, ಚಷ್ಮಾ ಮನೆಯಲ್ಲಿ ಬಿಟ್ಟು ಬಂದಿದ್ದರು. ಹದಿನೇಳು ವರ್ಷದಿಂದಲೂ ಅದು ಅಲ್ಲಿಯೇ ಇದೆ.

ಕಲ್ಲಣ್ಣ ಮಾತ್ರ ಒಂದರಿಂದ ಹಿಡಿದು, ನೀರು ಹರಿದಂತೆ ಓದಿದ. ಅರವತ್ತನೆಯ ಪುಸ್ತಕಕ್ಕೆ ಸಾಹೇಬರು ಕೈಯೆತ್ತಿ ನಿಲ್ಲಿಸಿದರು. “ಸಾಕು. ಇನ್ನ ಹೇಳಬ್ಯಾಡ. ಗೌಪ್ಯ ಐತಿ.”

ನಾನು ಕೂಡ ಕನ್ನಡ ಓದಬಲ್ಲೆ. ಆದರೆ ನನ್ನನ್ನು ಯಾರೂ ಕೇಳಲಿಲ್ಲ, ಕೇಳದೆ ಹೇಳುವ ಅಧಿಕಾರ ಸಹ ಕಾರ್ಯದರ್ಶಿಗಿಲ್ಲ. ಕಲ್ಲಣ್ಣ ಒಮ್ಮೆ ನನ್ನ ಕಡೆ ನೋಡಿದ. ನಾನು ಗೋಡೆಯ ಮೇಲಿನ ದರಪಟ್ಟಿ ಓದುತ್ತ ಕುಳಿತೆ. ಅಷ್ಟು ಸಂತೋಷ ನನಗೆ ಸಂಸ್ಥೆಯ ಕೆಲಸದಲ್ಲಿ ಯಾವತ್ತೂ ಆಗಿರಲಿಲ್ಲ.

ವರದಿ ಅಲ್ಲಿಯೇ ತಯಾರಾಯಿತು. “ಸದರಿ ಜಾಲತಾಣವು ಎರಡು ಪದರಿನ ಸಂಕೇತ ರಕ್ಷಣೆ ಹೊಂದಿದ್ದು, ಸಾರ್ವಜನಿಕರಲ್ಲಿ ಯಾರಿಗೂ ಓದಲು ಸಾಧ್ಯವಿಲ್ಲ. ಸಾರ್ವಜನಿಕ ಸೇವೆಯಲ್ಲಿ ಇಂಥ ಸುರಕ್ಷತೆ ಅಪೂರ್ವ. ಇಷ್ಟು ಬಿಗಿಯಾಗಿ ಕಟ್ಟಿಟ್ಟಿದ್ದರಲ್ಲಿ ಗುಟ್ಟು ಇರಲೇಬೇಕಾದ್ದರಿಂದ ಪ್ರತ್ಯೇಕ ಮಾದರಿಯ ಅಗತ್ಯ ಕಾಣುವುದಿಲ್ಲ. ಫ್ಲಾಪಿಯು ಲಿಪಿಕನೊಬ್ಬನ ಬಳಿಯೇ ಇರತಕ್ಕದ್ದು. ಸಂಸ್ಥೆಯ ಬಾಕಿ ವ್ಯವಹಾರವೂ ಇದೇ ಸಂಕೇತದಲ್ಲಿ ನಡೆಯತಕ್ಕದ್ದು.”

ಮರುದಿನದಿಂದ ಜಾರಿಗೆ ತಂದೆವು. ಪುಸ್ತಕಗಳ ಬೆನ್ನಿನ ಚೀಟಿಗಳನ್ನು ಕಿತ್ತು ಟೊಪ್ಪಿಗೆ, ಚುಕ್ಕೆಗಳ ಚೀಟಿ ಅಂಟಿಸಿದೆವು. ಆರೂವರೆಯ ಧ್ವನಿವರ್ಧಕವೂ ಸಂಕೇತಕ್ಕೆ ತಿರುಗಿತು. “ಟೊಪ್ಪಿಗಿ ಎ, ಪೌಂಡು, ಎರಡು ಚುಕ್ಕಿ ಯು, ಮತ್ತ ಪೌಂಡು, ಹನ್ನೆರಡನೆಯ ವಾರ” ಎಂದು ಕಲ್ಲಣ್ಣ ಸಾರಿದ. ಮೊದಲ ದಿನ ಗಾಬರಿಯಿಂದ ನಲವತ್ತು ಮಂದಿ ಪುಸ್ತಕ ಮರಳಿಸಿದರು. ಅವರಲ್ಲಿ ಆರು ಮಂದಿ ನಮ್ಮ ಸದಸ್ಯರೇ ಅಲ್ಲ.

ಪ್ರಾಜಕ್ತಾ ಅದನ್ನು ಕೇಳಿ, “ಕಾಕಾ, ಮೊದಲ ಸಲ ಮೈಂದರ್ಗ್ಯಾಗ ಯಾರು ಏನು ಓದ್ತಾರ ಯಾರಿಗೂ ತಿಳಿಯವಲ್ದು ನೋಡ್ರಿ. ನಾ ಬೇಡಿದ್ದು ಇದನ್ನ” ಎಂದು ನಕ್ಕಳು. ಆ ಸೌಕರ್ಯ ಎಂಟು ದಿನ ಇತ್ತು. ಒಂಬತ್ತನೆಯ ದಿನಕ್ಕೆ ಊರಿಗೆಲ್ಲ ಸಂಕೇತ ಬಾಯಿಪಾಠವಾಗಿ, ಕಟ್ಟೆಯ ಮೇಲೆ ಕುಳಿತವರು, “ಒಂದು ಟೊಪ್ಪಿಗಿ ಎರಡು ಪೌಂಡು, ಅಂದ್ರ ನಮ್ಮ ಸಾತಲಿಂಗಪ್ಪ. ಕಪಾಟ ಇನ್ನೂ ಅಳ್ಳಾಡ್ತೈತಿ ಅನಸ್ತದ” ಎಂದು ಹೇಳತೊಡಗಿದರು. ಇದು ಗುಟ್ಟಿನ ಉಲ್ಲಂಘನೆಯೆಂದು ಯಾರೂ ಆಕ್ಷೇಪಣೆ ಸಲ್ಲಿಸಲಿಲ್ಲ.

ದಸರೆಗೆ ನಾಲ್ಕು ದಿನ ಮುಂಚೆ ಸೊಲ್ಲಾಪುರದಿಂದ ಕಲ್ಲಣ್ಣನ ವಿಷಯದ ಆದೇಶ ಬಂತು. ನಾಲ್ಕು ಪುಟ. ನಮ್ಮ ಪದ್ಧತಿಗೆ ಮಾರುಹೋದ ಕಚೇರಿಯವರು ತಮ್ಮ ಕಂಪ್ಯೂಟರುಗಳಿಂದಲೂ ಫಾಂಟು ತೆಗೆಸಿಹಾಕಿದ್ದರು. ನಾಲ್ಕೂ ಪುಟಗಳಲ್ಲಿ ಚುಕ್ಕೆ, ಗೆರೆ, ಬಾಲಗಳು ತುಂಬಿದ್ದವು. ಆದರೆ ಇವು ಬೇರೆ ಚುಕ್ಕೆ, ಬೇರೆ ಬಾಲ. ಅವರದು ಮರಾಠಿ ಫಾಂಟು. ನಮ್ಮ ಟೊಪ್ಪಿಗೆ ಅದರಲ್ಲಿ ಒಂದೂ ಇರಲಿಲ್ಲ.

ಸಭೆ ಸೇರಿತು. ಅಧ್ಯಕ್ಷರ ಸಲಹೆಯಂತೆ ಆದೇಶದ ಮೇಲೆ ಫ್ಲಾಪಿಯನ್ನು ಇಟ್ಟು ಅರ್ಧ ಗಂಟೆ ಕಾಯ್ದೆವು. ಬದಲಾವಣೆ ಕಾಣಲಿಲ್ಲ. ಕಾಯಂ ಮಾಡಿದ್ದಾರೋ ಮನೆಗೆ ಕಳಿಸಿದ್ದಾರೋ, ಆ ಕಾಗದದಲ್ಲಿ ಎರಡರಲ್ಲಿ ಒಂದಿತ್ತು. ಕಚೇರಿಗೆ ಎಸ್‌ಟಿಡಿ ಬೂತಿನಿಂದ ಫೋನು ಹಚ್ಚಿದೆ.

“ಒಳಗೇನೈತಿ ನನಗೂ ಗೊತ್ತಿಲ್ರಿ, ಗೌಪ್ಯ ಐತಿ” ಎಂದರು ಧರ್ಮರಾಜ ಸಾಹೇಬರು. “ಟೈಪ್ ಮಾಡಿದಂವಗೂ ತಿರಗಿ ಓದಾಕ ಬರೂದಿಲ್ಲ. ನಿಮ್ಮ ಗೌಪ್ಯ ಲಿಪಿಕ ಏನು ಓದ್ತಾನೋ ಅದ ಖರೆ.”

ನಾನು ಮರಳಿ ಬಂದು ಇದನ್ನು ಸಭೆಗೆ ತಿಳಿಸಿದೆ. ಎಲ್ಲರೂ ಕಲ್ಲಣ್ಣನ ಕಡೆ ತಿರುಗಿದರು. ಕಲ್ಲಣ್ಣ ಜೀವನದಲ್ಲಿ ಇಲ್ಲದ್ದನ್ನು ಓದಿದವನಲ್ಲ. ಆದೇಶವನ್ನು ಎರಡೂ ಕೈಯಲ್ಲಿ ಹಿಡಿದ. ಒಂದು ಸಲ ಬಾಗಿಲ ಆಚೆಯ ಹಲಗೆಯನ್ನು ನೋಡಿದ. ಹೊರಗೆ ಚಿತ್ತಾ ಮಳೆಯ ಮೋಡ ಕವಿದಿತ್ತು.

“‘ಕಲ್ಲಣ್ಣ ಇವರನ್ನು’” ಎಂದು ಓದಿ ಕಾಗದವನ್ನು ಕಣ್ಣಿಗೆ ಹತ್ತಿರ ತಂದ. “‘ಕಾಯಂ ಮಾಡಲಾಗಿದೆ.’”

“ಉಳದ ಮೂರು ಪಾನ?” ಎಂದು ಅಣ್ಣಾರಾಯರು ಕೇಳಿದರು.

“ಅಭಿನಂದನಾ ರೀ” ಎಂದ ಕಲ್ಲಣ್ಣ.

ಸಭೆ ಚಪ್ಪಾಳೆ ತಟ್ಟಿತು. ಮೂರು ಪುಟ ಅಭಿನಂದನೆ ಬರೆದ ಕಚೇರಿಯ ದೊಡ್ಡ ಮನಸ್ಸಿಗೆ ಕೃತಜ್ಞತೆ ಸಲ್ಲಿಸುವ ಠರಾವು ಪಾಸಾಯಿತು.

ಬಣ್ಣದ ಮರೆಪ್ಪನನ್ನು ಅದೇ ಮಧ್ಯಾಹ್ನ ಕರೆಸಿದೆವು. ಗೌಪ್ಯ ಲಿಪಿಕನ ಹೆಸರು ಬಹಿರಂಗವಾಗಿರಕೂಡದಾದ್ದರಿಂದ ಸಂಕೇತದಲ್ಲಿಯೇ ಬರೆಸಿದೆವು. ಎಣ್ಣೆಬಣ್ಣದಲ್ಲಿ ಮರೆಪ್ಪ ಎರಡು ಟೊಪ್ಪಿಗೆ, ಮೂರು ಚುಕ್ಕೆ, ಒಂದು ಬಾಲ ತೆಗೆದ. ಇಷ್ಟು ಚಂದದ ಹೆಸರು ತಾನು ಬರೆದೇ ಇಲ್ಲ ಎಂದ. ಬಣ್ಣ ಒಣಗಲು ಎರಡು ದಿನ ಹಿಡಿಯಿತು, ಅಲ್ಲಿಯವರೆಗೆ ಕಲ್ಲಣ್ಣ ಹಲಗೆಯ ಮೇಲೆ ಛತ್ರಿ ಹಿಡಿದುಕೊಂಡು ಪುಸ್ತಕ ವಿತರಿಸಿದ.

ಮೂರನೆಯ ದಿನ ಜೋರು ಮಳೆ ಹೊಡೆಯಿತು. ಮಳೆ ನಿಂತ ಮೇಲೆ ಹಣಮವ್ವ ಬಂದು ಹಲಗೆಯ ಮುಂದೆ ನಿಂತಳು.

“ಇದು ಯಾರ ಹೆಸರು?” ಎಂದಳು.

“ಹೇಳಾಕ ಬರೂದಿಲ್ಲ” ಎಂದ ಕಲ್ಲಣ್ಣ. “ಗೌಪ್ಯ ಐತಿ.”

ಹಣಮವ್ವ ಸೆರಗಿನ ತುದಿಯನ್ನು ತೋಯಿಸಿ ಆ ಟೊಪ್ಪಿಗೆಗಳ ಮೇಲೆ ಗಸಗಸನೆ ಉಜ್ಜಿದಳು. ಮೂರು ಸಲ ಉಜ್ಜಿದಳು. ಏನೂ ಹೋಗಲಿಲ್ಲ. ಸೆರಗು ನೋಡಿದಳು, ಸ್ವಚ್ಛವಿತ್ತು. ಗಂಡನ ಬಲಗೈ ಹಿಡಿದು ಬೆರಳು ನೋಡಿದಳು, ಅವೂ ಸ್ವಚ್ಛವಿದ್ದವು.

“ನಿಮ್ಮದ ಐತಿ” ಎಂದಳು. ಕಣ್ಣೊರಸಿಕೊಂಡು, ರೊಟ್ಟಿಗೆ ಹೊತ್ತಾಯಿತೆಂದು ಹೋದಳು.

ಸಂಸ್ಥೆಯ ಗುಟ್ಟೊಂದು ಬಯಲಾದ ಈ ಗಂಭೀರ ಪ್ರಕರಣವನ್ನು ನಾನು ಸಹ ಕಾರ್ಯದರ್ಶಿಯ ನೆಲೆಯಲ್ಲಿ ಅಂದೇ ನಡಾವಳಿ ಪುಸ್ತಕದಲ್ಲಿ ದಾಖಲಿಸಿದ್ದೇನೆ. ನಿಯಮದಂತೆ ಸಂಕೇತದಲ್ಲಿ ಬರೆದಿದ್ದರಿಂದ ಸಮಿತಿ ಅದನ್ನು ಓದದೆ ಸರ್ವಾನುಮತದಿಂದ ಮಂಜೂರು ಮಾಡಿದೆ.